ಒಂದು ಬೀಜಸಿಗಡಿ, ಒಂಬತ್ತು ಚಿಪ್ಪು: ಸಾಕಿ, ಅಳೆದು, ಸಾಲಾಗಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಕೆರೆಯಂಚಿನ ಕೆಸರುನೀರನ್ನು ಬಿಳಿ ತಟ್ಟೆಗೆ ಸುರಿದು ಎರಡು ನಿಮಿಷ ಕೈಕಟ್ಟಿ ಕೂತರೆ, ಗಸಗಸೆ ಕಾಳಿನಷ್ಟಿರುವ ಚುಕ್ಕೆಗಳು ಓಡಾಡತೊಡಗುತ್ತವೆ. ನೀರುಚಿಗಟಗಳ ಹಾಗೆ ಕುಪ್ಪಳಿಸುವುದಿಲ್ಲ, ಹುಳುವಿನ ಹಾಗೆ ತೆವಳುವುದೂ ಇಲ್ಲ. ತಳ ಹಿಡಿದು ಸರಸರ ಸಾಗುತ್ತವೆ; ಕಡ್ಡಿ ತಾಗಿಸಿದರೆ ಟಪಕ್ಕನೆ ಬಾಗಿಲು ಹಾಕಿಕೊಂಡು ಕಾಳಿನಂತೆ ಬಿದ್ದುಬಿಡುತ್ತವೆ. ಇವು ಆಸ್ಟ್ರಕಾಡ್‌ಗಳು. ಸಿಗಡಿ, ಏಡಿಗಳ ಬಳಗದ ಕ್ರಸ್ಟೇಶಿಯನ್‌ಗಳು. ಇಂಗ್ಲಿಷಿನವರು ಸೀಡ್ ಶ್ರಿಂಪ್ ಅನ್ನುತ್ತಾರೆ, ನಾನು ಬೀಜಸಿಗಡಿ ಅನ್ನುತ್ತೇನೆ. ಹೆಸರುಕಾಳು ಒಡೆದರೆ ಎರಡು ಬೇಳೆ ಸಿಗುವಂತೆ ಇದರ ಚಿಪ್ಪಿಗೂ ಎರಡು ಹೋಳು, ಬೆನ್ನ ಕಡೆ ಕೀಲು. ಆ ಹೋಳುಗಳನ್ನು ಮುಂದೆಲ್ಲ ಬೇಳೆ ಎಂದೇ ಕರೆಯುತ್ತೇನೆ.

ಬೇಳೆಯಲ್ಲಿರುವುದು ಹೆಚ್ಚಾಗಿ ಸುಣ್ಣ, ಕ್ಯಾಲ್ಸೈಟ್ ರೂಪದ್ದು. ಸುಣ್ಣದ ಗೋಡೆ ಹಿಗ್ಗುವುದಿಲ್ಲ. ಬಸವನಹುಳುವಾಗಿದ್ದರೆ ಅಂಚಿಗೆ ಹೊಸ ಸುಣ್ಣ ಸೇರಿಸುತ್ತ ಇದ್ದ ಮನೆಯನ್ನೇ ದೊಡ್ಡದು ಮಾಡಿಕೊಳ್ಳುತ್ತಿತ್ತು. ಬೀಜಸಿಗಡಿ ಹಳೆಯ ಮನೆಯನ್ನು ಪೂರ್ತಿ ಬಿಟ್ಟು ಹೊಸದನ್ನು ಕಟ್ಟುತ್ತದೆ. ಕೆರೆ, ಗದ್ದೆಗಳಲ್ಲಿ ಸಿಗುವ ಸಾಮಾನ್ಯ ಸಿಹಿನೀರಿನ ಜಾತಿಗಳು ಮೊಟ್ಟೆಯಿಂದ ಬರುವಾಗಲೇ ಎರಡು ಬೇಳೆಯ ಚಿಪ್ಪು ಹೊತ್ತು ಬರುತ್ತವೆ. ಅಲ್ಲಿಂದ ಎಂಟು ಸಲ ಪೊರೆ ಬಿಟ್ಟು ಒಂಬತ್ತನೆಯ ಚಿಪ್ಪಿನಲ್ಲಿ ಪ್ರೌಢವಾಗುತ್ತವೆ. ನೀರುಚಿಗಟ ಬದುಕಿರುವಷ್ಟು ಕಾಲವೂ ಪೊರೆ ಬಿಡುತ್ತಿರುತ್ತದೆ. ಬೀಜಸಿಗಡಿಗೆ ಒಂಬತ್ತನೆಯದೇ ಕೊನೆಯ ಮನೆ.

ಆದ್ದರಿಂದ ಚಿಪ್ಪಿನ ಬದಲಾವಣೆ ನೋಡಬೇಕೆಂದು ಕೆರೆಯಿಂದ ಒಂದು ದೊಡ್ಡದು, ಒಂದು ಚಿಕ್ಕದು ಹಿಡಿದು ಪಕ್ಕಪಕ್ಕ ಇಟ್ಟರೆ ಮೋಸಹೋಗುತ್ತೀರಿ. ಒಂದೇ ಲೋಟ ನೀರಿನಲ್ಲಿ ಮೂರ್ನಾಲ್ಕು ಜಾತಿ ಇರಬಹುದು, ಒಂದರ ಮರಿ ಇನ್ನೊಂದರ ಅಜ್ಜಿಗಿಂತ ದೊಡ್ಡದಿರಬಹುದು. ಒಂದೇ ಜೀವಿಯನ್ನು ಸಾಕಿ, ಅದು ಬಿಟ್ಟ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿಟ್ಟು ಸಾಲು ಮಾಡುವುದೇ ನಂಬಬಹುದಾದ ದಾರಿ. ದುಡ್ಡಿನ ಖರ್ಚು ಕಡಿಮೆ, ತಾಳ್ಮೆಯ ಖರ್ಚು ಜಾಸ್ತಿ.

ಮೊದಲು ಜೊತೆಗೂಡಿಸಿಕೊಳ್ಳಬೇಕಾದದ್ದು

ಸೂಕ್ಷ್ಮದರ್ಶಕ ಬೇಕೇ ಬೇಕು. ಶಾಲಾ ಪ್ರಯೋಗಾಲಯದಲ್ಲಿರುವ, 4 ಮತ್ತು 10 ಪಟ್ಟಿನ ಮಸೂರವಿರುವ ಸಾಧಾರಣ ಯಂತ್ರ ಸಾಕು. ಸ್ಟಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ತಂಡದವರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಕಾಗದದ ಫೋಲ್ಡ್‌ಸ್ಕೋಪ್ ಇದ್ದರೂ ನಡೆಯುತ್ತದೆ. ಆದರೆ ಅದರ ನೋಟದ ಅಂಗಳ ಕಿರಿದು, ಪ್ರೌಢ ಚಿಪ್ಪು ಪೂರ್ತಿ ಹಿಡಿಸದೆ ತುಂಡುತುಂಡಾಗಿ ನೋಡಬೇಕಾದೀತು. ಇವುಗಳ ಜೊತೆಗೆ ನಂಬರ್ 000 ಬಣ್ಣದ ಕುಂಚ, ಎರಡು ಡ್ರಾಪರ್, ಟೀ ಸೋಸುವ ಜಾಲರಿ, ಗುಳಿಯಿರುವ ಒಂದು ಸ್ಲೈಡ್, ಮತ್ತು ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳು. ದೊಡ್ಡ ಕ್ಯಾಪ್ಸೂಲ್ ಇದ್ದ ಪಾರದರ್ಶಕ ಸ್ಟ್ರಿಪ್ ಆದರೆ ಒಳ್ಳೆಯದು. ಹಿಂದಿನ ಹಾಳೆಯನ್ನು ಪೂರ್ತಿ ಕಿತ್ತು, ಸ್ಟ್ರಿಪ್ಪನ್ನು ಬೋರಲು ಮಾಡಿದರೆ ಒಂದೊಂದು ಗುಳಿಯೂ ಒಂದೊಂದು ಸಾಕಣೆ ತೊಟ್ಟಿ. ತೊಳೆಯುವುದನ್ನು ಮರೆಯಬೇಡಿ, ಔಷಧಿಯ ಪುಡಿ ಉಳಿದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಹೆಜ್ಜೆ 1: ಒಣಮಣ್ಣಿನಿಂದ ಮರಿ

ಕೆರೆಯಲ್ಲಿ ಹಿಡಿದ ಬೀಜಸಿಗಡಿಗಳಲ್ಲಿ ಯಾವುದು ಎಷ್ಟನೆಯ ಚಿಪ್ಪಿನಲ್ಲಿದೆ ಎಂದು ಗೊತ್ತಾಗುವುದಿಲ್ಲ. ಮೊಟ್ಟೆಯಿಂದಲೇ ಶುರು ಮಾಡಬೇಕು. ಅದಕ್ಕೆ ಬೇಸಿಗೆಯೇ ಹದವಾದ ಕಾಲ. ನೀರು ಬತ್ತಿ ಬಿರುಕು ಬಿಟ್ಟ ಕೆರೆಯಂಗಳದಿಂದ, ಗದ್ದೆಯಿಂದ, ಇಲ್ಲವೇ ಮಳೆಗಾಲದಲ್ಲಿ ಮಾತ್ರ ತುಂಬುವ ಬಂಡೆಯ ಗುಂಡಿಯಿಂದ ಮೇಲಿನ ಎರಡು ಬೆರಳು ದಪ್ಪದ ಮಣ್ಣನ್ನು ಒಂದು ಬೊಗಸೆ ತನ್ನಿ. ಅದರಲ್ಲಿ ಒಣಗಿದ ಮೊಟ್ಟೆಗಳು ಮಳೆಗೆ ಕಾಯುತ್ತ ಮಲಗಿರುತ್ತವೆ.

ಈ ಉಪಾಯ ನನ್ನದಲ್ಲ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಗೇಯಾರ್ಗ್ ಒಸ್ಸಿಯಾನ್ ಸಾರ್ಸ್ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದ ಒಣಮಣ್ಣಿಗೆ ತನ್ನೂರು ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಆಸ್ಲೋದಲ್ಲಿ, ನೀರು ಹಾಕಿ ಸಣ್ಣ ಕ್ರಸ್ಟೇಶಿಯನ್‌ಗಳನ್ನು ಎಬ್ಬಿಸಿ 1885ರಲ್ಲೇ ವರದಿ ಮಾಡಿದ್ದ. ಆಸ್ಟ್ರೇಲಿಯಾ ನೋಡದೆಯೇ ಅಲ್ಲಿಯ ನೀರುಜೀವಿಗಳನ್ನು ಜೀವಂತವಾಗಿ ಕಂಡವನು ಅವನು. ನಮಗೆ ಹಡಗೂ ಬೇಡ, ಊರಾಚೆ ಹೋದರೆ ಆಯಿತು.

ಒಂದು ಅಗಲ ಪಾತ್ರೆಯಲ್ಲಿ ಮೂರು ಚಮಚ ಮಣ್ಣು ಹರಡಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಮೂರನೆಯ ದಿನದಿಂದ ಬೆಳಿಗ್ಗೆ ಸಂಜೆ ನೋಡಿ. ಮೊದಲ ಹಂತದ ಮರಿ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು, ಎರಡು ಮೂರು ಕೂದಲೆಳೆ ಒತ್ತಿಟ್ಟಷ್ಟು ದಪ್ಪ. ಬರಿಗಣ್ಣಿಗೆ ಧೂಳು. ಪಾತ್ರೆಯ ಒಂದು ಮೂಲೆಗೆ ಟಾರ್ಚ್ ಹಿಡಿದು ಓರೆಯಿಂದ ನೋಡಿದರೆ ಆ ಧೂಳು ತಾನಾಗಿ ಚಲಿಸುವುದು ಕಾಣುತ್ತದೆ.

ಇಲ್ಲೊಂದು ಎಚ್ಚರ. ಅದೇ ಮಣ್ಣಿನಿಂದ ಕ್ಲಾಮ್ ಶ್ರಿಂಪ್ ಎಂಬ ಇನ್ನೊಂದು ಎರಡು ಬೇಳೆಯ ಜೀವಿಯೂ ಏಳಬಹುದು. ಬೆಳೆದ ಮೇಲೆ ಅದರ ಚಿಪ್ಪಿನ ಮೇಲೆ ಮರದ ಉಂಗುರದಂತೆ ಒಂದರ ಸುತ್ತ ಒಂದು ಗೆರೆ ಇರುತ್ತದೆ, ಯಾಕೆಂದರೆ ಅದು ಪೊರೆ ಬಿಟ್ಟರೂ ಹಳೆಯ ಚಿಪ್ಪನ್ನು ಎಸೆಯದೆ ಹೊಸದರ ಮೇಲೆಯೇ ಹೊತ್ತುಕೊಂಡಿರುತ್ತದೆ. ಬೀಜಸಿಗಡಿಯ ಬೇಳೆಯಲ್ಲಿ ಆ ಬೆಳವಣಿಗೆ ಗೆರೆಗಳಿಲ್ಲ.

ಹೆಜ್ಜೆ 2: ನೀರು

ನನ್ನ ಮೊದಲ ಪ್ರಯತ್ನ ಹಾಳಾದದ್ದು ಅತಿ ಶುಚಿಯಿಂದ. ಮನೆಯಲ್ಲಿ ಆರ್‌ಒ ನೀರಿದೆ, ಕುಡಿಯಲು ಒಳ್ಳೆಯದು ಅಂದಮೇಲೆ ಇವಕ್ಕೂ ಒಳ್ಳೆಯದೇ ಎಂದು ಗುಳಿಗಳಿಗೆಲ್ಲ ಅದನ್ನೇ ಹಾಕಿದೆ. ಮೊದಲ ಪೊರೆ ಬಿಟ್ಟವು. ಆಮೇಲಿನ ಚಿಪ್ಪು ಹಾಲಿನ ಕೆನೆಯಂತೆ ತೆಳ್ಳಗೆ, ಕುಂಚ ತಾಗಿಸಿದರೆ ಮಡಚಿಕೊಳ್ಳುವಂತೆ ಇತ್ತು. ವಾರದೊಳಗೆ ಒಂದೂ ಉಳಿಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ದೊಡ್ಡ ಸಿಗಡಿಯಂತೆ ಕಾಣುವ, ಸಿಹಿನೀರಿನ ಕ್ರೇಫಿಶ್‌ಗಳು ಪೊರೆ ಬಿಡುವ ಮೊದಲು ಹಳೆಯ ಚಿಪ್ಪಿನ ಸುಣ್ಣವನ್ನು ಒಂದಿಷ್ಟು ಹೀರಿ ಹೊಟ್ಟೆಯೊಳಗೆ ಕಲ್ಲಿನಂತೆ ಕಟ್ಟಿಟ್ಟುಕೊಳ್ಳುತ್ತವೆ. ಬೀಜಸಿಗಡಿಗೆ ಆ ಉಳಿತಾಯದ ಬುದ್ಧಿ ಇಲ್ಲ. ಹೆಟೆರೋಸಿಪ್ರಿಸ್ ಎಂಬ ಕುಲದ ಮೇಲೆ ಕೆಲಸ ಮಾಡಿದ ಟರ್ಪೆನ್ ಮತ್ತು ಏಂಜೆಲ್ 1971ರಲ್ಲಿ ತೋರಿಸಿದ್ದು ಇದನ್ನೇ: ಹೊಸ ಚಿಪ್ಪಿನ ಕ್ಯಾಲ್ಸಿಯಂ ಸುತ್ತಲಿನ ನೀರಿನಿಂದ ನೇರವಾಗಿ ಬರುತ್ತದೆ, ಹಳೆಯ ಚಿಪ್ಪಿನಿಂದಲ್ಲ. ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಇಟ್ಟಿಗೆಯನ್ನೇ ಕೊಡದೆ ಮನೆ ಕಟ್ಟು ಅಂದಿದ್ದೆ.

ಬಯಲುಸೀಮೆಯ ಬೋರ್‌ವೆಲ್ ನೀರು, ಅದೇ ಬೇಳೆ ಬೇಯದ, ಪಾತ್ರೆಗೆ ಬಿಳಿ ಕಟ್ಟುವ ಗಡುಸು ನೀರು, ಇದಕ್ಕೆ ಹೇಳಿಮಾಡಿಸಿದ್ದು. ಮಲೆನಾಡಿನವರ ನೀರು ಮೆದು. ಅವರು ತೊಳೆದು ಪುಡಿಮಾಡಿದ ಮೊಟ್ಟೆಚಿಪ್ಪನ್ನು ಚಿಟಿಕೆಯಷ್ಟು ಬಾಟಲಿಗೆ ಹಾಕಿ ಒಂದೆರಡು ದಿನ ಬಿಟ್ಟು ತಿಳಿ ಬಳಸಬಹುದು. ನಲ್ಲಿ ನೀರಾದರೆ ಬಾಯಿ ತೆರೆದ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಕ್ಲೋರಿನ್ ಹೋದ ಮೇಲೆ ಹಾಕಿ.

ಹೆಜ್ಜೆ 3: ಒಂದು ಗುಳಿಗೆ ಒಂದೇ

ಡ್ರಾಪರಿನಲ್ಲಿ ಒಂದೊಂದೇ ಮರಿ ಹೀರಿ ಒಂದೊಂದು ಗುಳಿಗೆ ಬಿಡಿ. ಕನಿಷ್ಠ ಇಪ್ಪತ್ತು ಗುಳಿ ಇರಲಿ, ಅರ್ಧದಷ್ಟು ಸಾಯುತ್ತವೆ ಎಂದುಕೊಂಡೇ ಶುರು ಮಾಡಿ. ಕನಿಕರಪಟ್ಟು ಜೊತೆಗೆ ಇನ್ನೊಂದು ಬಿಟ್ಟಿರೋ, ಬಿದ್ದ ಚಿಪ್ಪು ಯಾರದೆಂದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಊಟಕ್ಕೆ ಬೇಯಿಸಿದ ಪಾಲಕ್ ಸೊಪ್ಪಿನ ಸಾಸಿವೆಯಷ್ಟು ಚೂರು, ಇಲ್ಲವೇ ಸೂಜಿಮೊನೆಯಷ್ಟು ಸ್ಪಿರುಲಿನಾ ಪುಡಿ. ಇವು ಪಾಚಿ ಮೇಯುವ ಜೀವಿಗಳು. ಭತ್ತದ ಗದ್ದೆಗೆ ಗೊಬ್ಬರವಾಗಲೆಂದು ಬಿಟ್ಟ ನೀಲಿ-ಹಸಿರು ಪಾಚಿಯನ್ನು ಮೇದು ಮುಗಿಸುವ ಕಳ್ಳರ ಪಟ್ಟಿಯಲ್ಲಿ ಇವುಗಳ ಹೆಸರೂ ಇದೆ. ಮಿಕ್ಕ ಊಟವನ್ನು ಮರುದಿನ ತೆಗೆಯಬೇಕು. ಕೊಳೆತರೆ ನೀರು ಹುಳಿಯಾಗುತ್ತದೆ, ಹುಳಿನೀರು ಚಿಪ್ಪನ್ನೇ ತಿನ್ನುತ್ತದೆ. ಸಂಜೆ ಗುಳಿಯ ಅರ್ಧ ನೀರು ಬದಲಿಸಿ; ಫ್ಯಾನಿನ ಕೆಳಗೆ ಮಾತ್ರ ಇಡಬೇಡಿ, ಒಂದೇ ರಾತ್ರಿಯಲ್ಲಿ ಗುಳಿ ಒಣಗಿರುತ್ತದೆ.

ಇನ್ನೊಂದು ಅನುಕೂಲವಿದೆ. ಸಿಹಿನೀರಿನ ಹಲವು ಬೀಜಸಿಗಡಿಗಳಲ್ಲಿ ಹೆಣ್ಣು ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. ಒಂಟಿಯಾಗಿ ಬೆಳೆದದ್ದು ಗುಳಿಯ ಗೋಡೆಗೆ ದುಂಡನೆಯ ಮೊಟ್ಟೆ ಅಂಟಿಸಿದರೆ, ಆ ಮರಿಗಳೆಲ್ಲ ತಾಯಿಯ ನಕಲು. ಎರಡನೆಯ ಸುತ್ತಿಗೆ ಇವುಗಳನ್ನೇ ಬಳಸಿದರೆ ಜಾತಿಯ ಗೊಂದಲ ಅಲ್ಲಿಗೆ ತೀರಿತು.

ಹೆಜ್ಜೆ 4: ಪೊರೆ ಬಿಡುವ ಗಳಿಗೆ

ಮೊದಲ ಕೆಲವು ಪೊರೆ ಬೇಗ ಬೇಗ, ನಮ್ಮ ಬೇಸಿಗೆಯ ನೀರಿನಲ್ಲಿ ಒಂದೆರಡು ದಿನಕ್ಕೊಮ್ಮೆ ಬೀಳುತ್ತವೆ. ಬೆಳೆದಂತೆ ನಡುವಿನ ಅಂತರ ಹಿಗ್ಗುತ್ತದೆ. ಆದ್ದರಿಂದ ಮೊದಲ ವಾರ ದಿನಕ್ಕೆ ಎರಡು ಸಲ ನೋಡಲೇಬೇಕು.

ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂದರೆ ಊಟ ಬಿಟ್ಟು ಮೂಲೆ ಸೇರಿದ್ದನ್ನು ಹುಡುಕಿ ಗುಳಿ ಸ್ಲೈಡಿಗೆ ಹಾಕಿ ಕಾಯಿರಿ. ನಾನು ಕಂಡದ್ದು ರಾತ್ರಿ ಹತ್ತೂವರೆಗೆ. ಬೇಳೆಗಳು ಎಂದಿಗಿಂತ ಅಗಲಕ್ಕೆ ಬಾಯಿ ಬಿಟ್ಟಿದ್ದವು. ಒಳಗಿನ ಜೀವಿ ಬಿಗಿಯಾದ ಕುಪ್ಪಸ ಕಳಚುವವರಂತೆ ಹಿಂದಕ್ಕೂ ಮುಂದಕ್ಕೂ ತಿಣುಕುತ್ತಿತ್ತು. ಒಮ್ಮೆಲೇ ಜಾರಿ ಹೊರಬಂತು. ಹಿಂದೆ ಬಿದ್ದ ಚಿಪ್ಪಿನೊಳಗೆ ಮೀಸೆ, ಕಾಲು, ಕೂದಲಿನ ಒರೆಗಳೂ ಹಾಗೇ ಉಳಿದಿದ್ದವು. ಸತ್ತ ಜೀವಿಯೇ ಎನ್ನುವಷ್ಟು. ಹೊರಬಂದದ್ದರ ಹೊಸ ಚಿಪ್ಪು ಗಾಜಿನಷ್ಟು ಪಾರದರ್ಶಕ, ಅಲ್ಲಲ್ಲಿ ಸುಕ್ಕು. ನೀರು ಹೀರಿ ಉಬ್ಬುತ್ತಿದ್ದಂತೆ ಇಸ್ತ್ರಿ ಮಾಡಿದ ಹಾಗೆ ಸುಕ್ಕು ಬಿಚ್ಚಿಕೊಂಡಿತು. ಜೀವಿ ದೊಡ್ಡದಾಗುವುದು ಆ ಸ್ವಲ್ಪ ಹೊತ್ತಿನಲ್ಲೇ. ಆಮೇಲೆ ಸುಣ್ಣ ಕೂರುತ್ತದೆ, ಮುಂದಿನ ಪೊರೆಯವರೆಗೆ ಅಳತೆ ಅಲುಗುವುದಿಲ್ಲ.

ಸುಣ್ಣ ಕೂರುವುದನ್ನೂ ನೋಡಬಹುದು. ಪೋಲರಾಯ್ಡ್ ಹಾಳೆಯ ಎರಡು ತುಂಡು ತೆಗೆದುಕೊಳ್ಳಿ. ಕೆಟ್ಟುಹೋದ ಕ್ಯಾಲ್ಕುಲೇಟರಿನ ಪರದೆಯ ಮೇಲಿನ ಹಾಳೆಯೂ ಆಗುತ್ತದೆ. ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಮೇಲಿನ ಮಸೂರದ ಮೇಲೆ ಇಟ್ಟು, ನೋಟ ಪೂರ್ತಿ ಕಪ್ಪಾಗುವವರೆಗೆ ಒಂದನ್ನು ತಿರುಗಿಸಿ. ಕ್ಯಾಲ್ಸೈಟ್ ಹರಳು ಬೆಳಕನ್ನು ಎರಡಾಗಿ ಸೀಳುವುದರಿಂದ ಆ ಕಪ್ಪಿನಲ್ಲೂ ಹೊಳೆಯುತ್ತದೆ. ಈಗಷ್ಟೇ ಪೊರೆ ಬಿಟ್ಟ ಮರಿಯ ಚಿಪ್ಪಿನಲ್ಲಿರುವುದು ಬರೀ ಕೈಟಿನ್ ಎಂಬ ಮೆತ್ತನೆಯ ವಸ್ತು. ಅದು ಕಪ್ಪಿನಲ್ಲಿ ಹೆಚ್ಚುಕಡಿಮೆ ಮುಳುಗಿಹೋಗಿರುತ್ತದೆ. ಕೆಲವು ಗಂಟೆ ಬಿಟ್ಟು ನೋಡಿ, ಮರುದಿನ ಮತ್ತೆ ನೋಡಿ. ಹೊಳಪು ಏರುತ್ತ ಹೋಗುತ್ತದೆ. ಅದರ ಪಕ್ಕದಲ್ಲೇ ಬಿದ್ದಿರುವ ಹಳೆಯ ಚಿಪ್ಪು ಹೊಳೆಯುತ್ತಲೇ ಇರುತ್ತದೆ, ಸುಣ್ಣವನ್ನು ಅಲ್ಲೇ ಬಿಟ್ಟುಹೋಗಿದ್ದಕ್ಕೆ ಅದೇ ಸಾಕ್ಷಿ.

ಹೆಜ್ಜೆ 5: ಅಳತೆ

ಪ್ರತಿ ಪೊರೆಯ ನಂತರ ಬೇಳೆಯ ಉದ್ದ, ಎತ್ತರ ಎರಡನ್ನೂ ಅಳೆಯಿರಿ. ಅಳತೆಗೋಲು ಕೊಳ್ಳಬೇಕಿಲ್ಲ: ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೇಲಿನಿಂದ ಟಾರ್ಚ್ ಬಿಟ್ಟು, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅದೇ ಮಸೂರ, ಅದೇ ಜೂಮ್‌ನಲ್ಲಿ ತೆಗೆದ ಚಿಪ್ಪಿನ ಫೋಟೊವನ್ನು ಅದರೊಂದಿಗೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಯಾವಾಗಲೂ ಎಡಬೇಳೆಯನ್ನೇ ಅಳೆಯಿರಿ. ಒಂದು ಬೇಳೆ ಇನ್ನೊಂದಕ್ಕಿಂತ ಚೂರು ದೊಡ್ಡದಿದ್ದು ಅದರ ಮೇಲೆ ಹೊದ್ದಿರುತ್ತದೆ, ಬೆರೆಸಿದರೆ ಲೆಕ್ಕ ತಪ್ಪುತ್ತದೆ.

ಏನು ಸಿಗಬೇಕು? ಅಮೆರಿಕದ ಡಬ್ಲ್ಯು. ಕೆ. ಬ್ರೂಕ್ಸ್ 1886ರಲ್ಲಿ ಸಮುದ್ರದ ಮ್ಯಾಂಟಿಸ್ ಸಿಗಡಿಗಳ ಮರಿಗಳನ್ನು ಅಳೆದು, ಒಂದೊಂದು ಪೊರೆಗೂ ಉದ್ದ ಒಂದೇ ಪಟ್ಟಿನಲ್ಲಿ ಏರುತ್ತದೆ ಎಂದು ಗಮನಿಸಿದ್ದ. 1909ರಲ್ಲಿ ಫೌಲರ್ ಅದನ್ನು ಆಸ್ಟ್ರಕಾಡ್‌ಗಳಿಗೆ ಅನ್ವಯಿಸಿದ. ಪ್ರತಿ ಪೊರೆಗೂ ಜೀವಿಯ ಘನಗಾತ್ರ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ ಉದ್ದ 1.26 ಪಟ್ಟು ಹೆಚ್ಚಬೇಕು, 2ರ ಘನಮೂಲ ಅಷ್ಟೇ ತಾನೆ. ತಾತ್ಕಾಲಿಕ ಹೊಂಡಗಳಲ್ಲಿ ಜಗತ್ತಿನ ಬಹುಭಾಗದಲ್ಲಿ ಸಿಗುವ ಹೆಟೆರೋಸಿಪ್ರಿಸ್ ಇನ್‌ಕಾಂಗ್ರುಯೆನ್ಸ್‌ನ ಮರಿ ಸುಮಾರು 200 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅಲ್ಲಿಂದ ಲೆಕ್ಕ ಹಾಕಿದರೆ:

200, 252, 318, 400, 504, 635, 800, 1008, 1270 ಮೈಕ್ರಾನ್.

ಮೂರು ಪೊರೆಗೆ ಉದ್ದ ಸರಿಯಾಗಿ ಎರಡು ಪಟ್ಟು, ಎಂಟನೆಯದಕ್ಕೆ ಒಂದೂಕಾಲು ಮಿಲಿಮೀಟರ್ ದಾಟಿತು. ಆ ಜಾತಿಯ ಪ್ರೌಢ ಹೆಣ್ಣಿನ ಉದ್ದವೂ ಅದರ ಆಸುಪಾಸಿನದೇ. ಆದರೆ ಇದು ಕಾಗದದ ಲೆಕ್ಕ. ಜಾತಿ, ಶಾಖ, ಊಟ ನೋಡಿ ಪಟ್ಟು ಮೇಲೆ ಕೆಳಗೆ ಆಗುತ್ತದೆ. ಊಟ ಕಡಿಮೆ ಬಿದ್ದ ಗುಳಿಯಲ್ಲಿ ಸಣ್ಣ ಜಿಗಿತ ಕಂಡರೆ ಅಳತೆಯನ್ನು ತಿದ್ದಬೇಡಿ, ಕಂಡದ್ದನ್ನೇ ಬರೆಯಿರಿ. ಇದೇ ಬೆಳವಣಿಗೆ ಎಷ್ಟು ಕುಂಠಿತವಾಗುತ್ತದೆ ಎಂಬುದರ ಮೇಲೆಯೇ ಕೆರೆ-ಹೊಳೆಯ ಹೂಳಿನ ವಿಷ ಪತ್ತೆಹಚ್ಚುವ ಒಂದು ಅಂತರರಾಷ್ಟ್ರೀಯ ಪರೀಕ್ಷೆ ನಿಂತಿದೆ: ಈ ಜಾತಿಯ ಮರಿಗಳನ್ನು ಹೂಳಿನಲ್ಲಿ ಆರು ದಿನ ಬಿಟ್ಟು ಅಳೆಯುತ್ತಾರೆ. ಐಎಸ್ಒ 14371 ಅದರ ಸಂಖ್ಯೆ.

ಹಂತಗಳಿಗೆ ಹೆಸರಿಡುವಾಗ ಬಲ್ಲವರು ಹಿಂದಿನಿಂದ ಎಣಿಸುತ್ತಾರೆ. ಪ್ರೌಢ ಚಿಪ್ಪು ಎ, ಅದರ ಹಿಂದಿನದು ಎ-1, ಮೊಟ್ಟೆಯಿಂದ ಬಂದಾಗಿನದು ಎ-8. ಮೊದಮೊದಲಿನ ಚಿಪ್ಪುಗಳು ಕಳೆದುಹೋಗುವುದೇ ಹೆಚ್ಚು. ಕೊನೆಯದು ಮಾತ್ರ ಖಚಿತ. ಖಚಿತವಾದ ತುದಿಯಿಂದ ಎಣಿಸುವುದು ಜಾಣತನ.

ಹೆಜ್ಜೆ 6: ಎತ್ತುವುದು, ತೊಳೆಯುವುದು

ಬಿದ್ದ ಚಿಪ್ಪನ್ನು ಒದ್ದೆ ಕುಂಚದ ತುದಿಗೆ ಅಂಟಿಸಿ ಎತ್ತಿ. ಚಿಮಟ ಬೇಡ, ಪುಡಿಯಾಗುತ್ತದೆ. ಒಳಗಿನ ಕಾಲುಗಳ ಒರೆ, ಕೊಳೆ ಹೋಗಲು ಮನೆಯಲ್ಲಿರುವ ಬ್ಲೀಚ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಅದರಲ್ಲಿ ಕೆಲವು ನಿಮಿಷ ಬಿಟ್ಟು, ಮೂರು ಸಲ ಶುದ್ಧ ನೀರಿನಲ್ಲಿ ಅದ್ದಿ ತೆಗೆಯಿರಿ. ಎ-8, ಎ-7ರಂಥ ಎಳೆಯ ಚಿಪ್ಪಿಗೆ ಅದೂ ಬೇಡ, ನೀರಷ್ಟೇ ಸಾಕು.

ಒಂದು ಬೇಳೆಯನ್ನು ಬಲಿಕೊಡುವ ಧೈರ್ಯವಿದ್ದರೆ ಬೇರೆ ಸ್ಲೈಡಿನಲ್ಲಿ ಅದರ ಮೇಲೆ ಒಂದು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆಗಳೆದ್ದು ಸುಣ್ಣ ಕರಗಿ, ಕೊನೆಗೆ ಬೇಳೆಯ ಆಕಾರದ್ದೇ ಆದ ಮೆತ್ತನೆಯ ಪೊರೆ ಉಳಿಯುತ್ತದೆ. ಆರ್‌ಒ ನೀರಿನಲ್ಲಿ ನನ್ನ ಮರಿಗಳು ಹೊದ್ದು ಸತ್ತದ್ದು ಹೆಚ್ಚುಕಡಿಮೆ ಅಂಥದ್ದನ್ನೇ. ಬ್ಲೀಚ್ ಮತ್ತು ವಿನೆಗರ್ ಎಂದೂ ಒಂದೇ ತಟ್ಟೆಯಲ್ಲಿ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಬೇರೆ ಬೇರೆ ದಿನ ಮಾಡಿ.

ಜೀವಿಯನ್ನು ಚಿಪ್ಪಿನ ಸಮೇತ ಕಾಯ್ದಿಡಬೇಕಾದರೆ ಫಾರ್ಮಲಿನ್ ಬೇಡ. ಇಟ್ಟಂತೆ ಹುಳಿಯಾಗಿ ಸುಣ್ಣ ಕರಗಿಸುತ್ತದೆ. 70 ಶೇಕಡಾ ಆಲ್ಕೊಹಾಲ್ ಸಾಕು.

ಹೆಜ್ಜೆ 7: ಸಾಲಿನಲ್ಲಿ ಏನು ನೋಡಬೇಕು

ಇಷ್ಟೆಲ್ಲ ಪಾಡು ಪಟ್ಟದ್ದು ಇದಕ್ಕಾಗಿ. ಎಡಬೇಳೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ, ಮೂತಿ ಒಂದೇ ಕಡೆ ಬರುವಂತೆ ಸಾಲಾಗಿಡಿ. ಮೊದಲ ಸಲ ನೋಡಿದವರು ಒಂದೇ ಆಕಾರ ಬರಬರುತ್ತ ದೊಡ್ಡದಾಗಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ.

ಅಂಚಿನ ಗೆರೆ ಹಿಡಿದು ನೋಡಿ. ಎಳೆಯ ಬೇಳೆ ಮುಂದೆ ಎತ್ತರ, ಹಿಂದೆ ಮೊನೆ, ಸಮೋಸದ ಹಾಗೆ. ಬೆಳೆದಂತೆ ಹಿಂಭಾಗ ತುಂಬಿಕೊಳ್ಳುತ್ತ ಪ್ರೌಢ ಬೇಳೆ ಅವರೆಕಾಳಿನ ಆಕಾರಕ್ಕೆ ಬರುತ್ತದೆ. ಕಾರಣ ಒಳಗಿದೆ. ಮೊಟ್ಟೆಯಿಂದ ಬಂದ ಮರಿಗೆ ಮೂರೇ ಜೊತೆ ಅಂಗ: ಎರಡು ಜೊತೆ ಮೀಸೆ, ಒಂದು ಜೊತೆ ದವಡೆ. ಮೂರೂ ತಲೆಯವು. ಉಳಿದವು ಒಂದೊಂದು ಪೊರೆಗೆ ಹಿಂದಕ್ಕೆ ಹಿಂದಕ್ಕೆ ಸೇರುತ್ತ ಏಳು ಜೊತೆಯಾಗುತ್ತವೆ. ಎಲ್ಲಕ್ಕಿಂತ ಕೊನೆಯಲ್ಲಿ, ಎಲ್ಲಕ್ಕಿಂತ ಹಿಂದೆ, ಸಂತಾನದ ಅಂಗಗಳು. ಒಳಗೆ ಹಿತ್ತಲ ಕಡೆ ಕೋಣೆ ಹೆಚ್ಚಿದರೆ ಗೋಡೆಯೂ ಹಿತ್ತಲಿಗೇ ಸರಿಯಬೇಕಲ್ಲ. ಪ್ರತಿ ಹಂತದ ಉದ್ದವನ್ನು ಎತ್ತರದಿಂದ ಭಾಗಿಸಿ ಬರೆದಿಟ್ಟರೆ ಈ ಬದಲಾವಣೆ ಅಂಕಿಯಲ್ಲೇ ಕಾಣುತ್ತದೆ.

ಆಮೇಲೆ ಬೇಳೆಯನ್ನು ಅಂಗಾತ ಮಾಡಿ. ನಾನಾದರೆ ಅರ್ಧ ಸಮಯ ಇಲ್ಲೇ ಕಳೆಯುತ್ತೇನೆ. ಬೇಳೆ ಅಂದರೆ ಒಂದೇ ಗೋಡೆಯಲ್ಲ. ಹೊರಪದರ ಅಂಚಿನಲ್ಲಿ ಒಳಕ್ಕೆ ಮಡಚಿ ಒಳಪದರವಾಗುತ್ತದೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ಹೊರಪದರಕ್ಕೆ ಪೂರ್ತಿ ಸುಣ್ಣ. ಒಳಪದರದ ಬಹುಭಾಗ ಬರೀ ತೆಳು ಪೊರೆ, ಅಂಚಿನ ಮಡಿಕೆಗೆ ಮಾತ್ರ ಸುಣ್ಣ. ಮರಿಗಳಲ್ಲಿ ಆ ಸುಣ್ಣದ ಮಡಿಕೆ ದಾರದಷ್ಟು ಕಿರಿದು. ಎ-1ರವರೆಗೂ ಕಿರಿದೇ. ಪ್ರೌಢ ಚಿಪ್ಪಿನಲ್ಲಿ ಮಾತ್ರ, ಅದರಲ್ಲೂ ಮೂತಿಯ ಕಡೆ, ಇದ್ದಕ್ಕಿದ್ದಂತೆ ಅಗಲ ಪಟ್ಟಿಯಾಗುತ್ತದೆ. ಗಾತ್ರ ನೋಡಿ ಪ್ರೌಢವೋ ಮರಿಯೋ ಎಂದು ಹೇಳುವವರು ಎಡವುತ್ತಾರೆ, ಈ ಪಟ್ಟಿ ನೋಡಿ ಹೇಳುವವರು ಎಡವುವುದು ಅಪರೂಪ. ನೀರಿನಲ್ಲಿ ನೆನೆದ ಬೇಳೆ ಪಾರದರ್ಶಕ, ಒಣಗಿದ್ದು ಹಾಲುಬಿಳಿ. ಪಟ್ಟಿ ನೋಡಲು ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು ಕೆಳಗಿನಿಂದ ಬೆಳಕು ಬಿಡುವುದು ಸರಿ.

ಅದೇ ಹನಿಯಲ್ಲಿ ರಂಧ್ರಗಳನ್ನೂ ಎಣಿಸಿ. ಬೇಳೆಯ ಮೈತುಂಬ ಸೂಜಿಯಿಂದ ಚುಚ್ಚಿದಂಥ ತೂತುಗಳಿವೆ, ಒಂದೊಂದರಿಂದಲೂ ಒಂದು ಕೂದಲು ಹೊರಬರುತ್ತದೆ. ಬಾಗಿಲು ಮುಚ್ಚಿಕೊಂಡ ಜೀವಿಗೆ ಹೊರಗಿನ ಸುದ್ದಿ ಬರುವುದು ಆ ಕೂದಲಿನಿಂದ. ಪೊರೆ ಬಿಟ್ಟಂತೆಲ್ಲ ಹೊಸ ರಂಧ್ರ ಸೇರುತ್ತವೆ, ಹಳೆಯವು ತಮ್ಮ ಜಾಗ ಬಿಡುವುದಿಲ್ಲ. ಮೊಬೈಲ್ ಫೋಟೊ ಮೇಲೆ ಬಣ್ಣದ ಚುಕ್ಕಿಯಿಟ್ಟು ಎ-4ರ ರಂಧ್ರಗಳನ್ನು ಎ-3ರಲ್ಲಿ ಹುಡುಕುವುದು ಮಳೆಗಾಲದ ಭಾನುವಾರಕ್ಕೆ ಒಳ್ಳೆಯ ಕೆಲಸ.

ಕೀಲಿನ ವಿಷಯದಲ್ಲಿ ಕೆರೆಯ ಜಾತಿಗಳು ನಿರಾಸೆ ಮಾಡುತ್ತವೆ. ಒಂದು ಬೇಳೆಯಲ್ಲಿ ಏಣು, ಇನ್ನೊಂದರಲ್ಲಿ ಅದು ಕೂರುವ ತೋಡು, ಅಷ್ಟೇ. ಕರಾವಳಿಯ ಅಳಿವೆ, ಸಮುದ್ರದ ಮರಳಿನಲ್ಲಿ ಸಿಗುವ ಸಿಥೆರಿಡ್ ಗುಂಪಿನವನ್ನು ನೋಡಿದರೆ ಬೇರೆಯೇ. ಮರಿಯಲ್ಲಿ ಸರಳವಾಗಿದ್ದ ಕೀಲು ಹಲವು ಜಾತಿಗಳ ಪ್ರೌಢ ಬೇಳೆಯಲ್ಲಿ ಹಲ್ಲು, ಹಲ್ಲು ಕೂರುವ ಗುಳಿ ಎಲ್ಲ ಇರುವ ಗಟ್ಟಿ ಬಂದೋಬಸ್ತಾಗಿರುತ್ತದೆ. ಅವನ್ನು ಮನೆಯಲ್ಲಿ ಸಾಕುವುದು ಕಷ್ಟ, ಸತ್ತ ಬೇಳೆಗಳನ್ನೇ ಆರಿಸಿ ನೋಡಬೇಕು.

ಮೇಲ್ಮೈಗೆ ಹಸಿರು ಅಡುಗೆ ಬಣ್ಣದ ನೀರು ಸವರಿ ಒರೆಸಿದರೆ ತಗ್ಗುಗಳಲ್ಲಿ ಬಣ್ಣ ನಿಂತು ನಕ್ಷೆ ಏಳುತ್ತದೆ. ಜೇನುಗೂಡಿನಂಥ ಬಲೆ ಕಂಡರೆ ಅದೃಷ್ಟ. ಜಪಾನಿನ ಒಕಾಡ 1981ರಲ್ಲಿ ತೋರಿಸಿದಂತೆ ಆ ಬಲೆಯ ಒಂದೊಂದು ಕಣ್ಣೂ ಕೆಳಗಿದ್ದ ಚರ್ಮದ ಒಂದೊಂದು ಜೀವಕೋಶದ ಅಚ್ಚು. ಚಿಪ್ಪಿನ ಸಾಲು ನೋಡಿದರೆ ಯಾವ ಪೊರೆಯ ಹೊತ್ತಿಗೆ ಕೋಶಗಳು ಒಡೆದು ಹೆಚ್ಚಿದವು ಎಂದು ಹೇಳಬಹುದು. ಎಲ್ಲ ಗುಬುಟೂ ವಂಶದಿಂದ ಬಂದದ್ದಲ್ಲ ಎನ್ನುವುದನ್ನೂ ನೆನಪಿಡಿ. ಸಿಪ್ರಿಡೈಸ್ ಟೊರೋಸಾ ಎಂಬ ಉಪ್ಪುನೀರಿನ ಜಾತಿ, ನೀರಿನ ಉಪ್ಪು ತೀರಾ ಇಳಿದಾಗ ಪೊರೆ ಬಿಟ್ಟರೆ ಬೇಳೆಯ ಮೇಲೆ ಗಂಟುಗಳನ್ನು ಎಬ್ಬಿಸಿಕೊಳ್ಳುತ್ತದೆ. ಬಾಲ್ಟಿಕ್ ತೀರದಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ.

ನಡುಭಾಗದಲ್ಲಿ ಮಸುಕಾದ ಮಚ್ಚೆಗಳ ಗುಂಪೊಂದು ಕಾಣುತ್ತದೆ, ಬಾಗಿಲು ಎಳೆದು ಮುಚ್ಚುವ ಸ್ನಾಯು ಅಂಟಿದ್ದ ಜಾಗ. ಮರಿಯಿಂದ ಪ್ರೌಢದವರೆಗೆ ಇದನ್ನು ಗುರುತಾಗಿ ಇಟ್ಟುಕೊಂಡು ಮಿಕ್ಕದ್ದನ್ನು ಅಳೆಯಬಹುದು. ಗಂಡು ಸಿಕ್ಕಿದರೆ ಇನ್ನೊಂದು ಸೋಜಿಗ: ಸಿಹಿನೀರಿನ ಸಿಪ್ರಿಡ್ ಗುಂಪಿನ ಗಂಡುಗಳ ವೃಷಣದ ಉದ್ದ ಕೊಳವೆಗಳು ಜಾಗ ಸಾಲದೆ ಚಿಪ್ಪಿನ ಎರಡು ಪದರಗಳ ನಡುವೆ ನುಗ್ಗಿ ಸುರುಳಿ ಸುತ್ತಿರುತ್ತವೆ, ಅದರ ಅಚ್ಚು ಬೇಳೆಯ ಒಳಮೈಯಲ್ಲಿ ಉಳಿಯುತ್ತದೆ.

ಹೆಜ್ಜೆ 8: ಅಂಟಿಸಿಡುವುದು

ಕಪ್ಪು ಡ್ರಾಯಿಂಗ್ ಹಾಳೆಯ ಮೇಲೆ ಪಂಚ್ ಮಾಡಿದ ದಪ್ಪ ರಟ್ಟು ಅಂಟಿಸಿ. ಒಂದೊಂದು ತೂತಿಗೂ ನೀರಾದ ಗೋಂದಿನ ಚುಕ್ಕಿಯಿಟ್ಟು ಬೇಳೆ ಕೂರಿಸಿ, ಒಂದು ಹೊರಮೈ ಮೇಲೆ, ಇನ್ನೊಂದು ಒಳಮೈ ಮೇಲೆ. ಮೇಲೆ ಗಾಜಿನ ಸ್ಲೈಡ್ ಮುಚ್ಚಿ ಟೇಪು ಸುತ್ತಿ. ಗುಳಿ ಸಂಖ್ಯೆ, ಪೊರೆ ಬಿದ್ದ ದಿನ, ಎಷ್ಟನೆಯದು ಎಂದು ಆಗಲೇ ಬರೆಯಿರಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಸಾಲು ಕೈಯಲ್ಲಿದ್ದರೆ ಕೆರೆಯ ಹೂಳನ್ನೂ ಓದಬಹುದು

ಪೂರ್ಣಾಯುಷ್ಯ ಬದುಕಿದ ಒಂದು ಬೀಜಸಿಗಡಿ ಒಂಬತ್ತು ಚಿಪ್ಪು, ಅಂದರೆ ಹದಿನೆಂಟು ಬೇಳೆ ಬಿಟ್ಟುಹೋಗುತ್ತದೆ. ಅದು ಬಾಳಿದ ಜಾಗದಲ್ಲೇ ಹೂಳಾದರೆ ಆ ಹೂಳಿನಲ್ಲಿ ಎಲ್ಲ ಅಳತೆಯ ಬೇಳೆಗಳೂ ಸಿಗಬೇಕು. ಬರೀ ದೊಡ್ಡವೇ ಸಿಕ್ಕರೆ ಹರಿವು ಸಣ್ಣವನ್ನು ಕೊಚ್ಚಿಕೊಂಡು ಹೋಗಿರಬೇಕು, ಬರೀ ಸಣ್ಣವೇ ಆದರೆ ಬೇರೆಲ್ಲಿಂದಲೋ ತೇಲಿ ಬಂದಿರಬೇಕು. ಪಳೆಯುಳಿಕೆ ಓದುವವರು ಈ ಲೆಕ್ಕವನ್ನು ಬಹಳ ನೆಚ್ಚುತ್ತಾರೆ. ಹಳೆಯ ಗುಲ್ಬರ್ಗ ಜಿಲ್ಲೆಯಲ್ಲಿ ದಖನ್ನಿನ ಲಾವಾ ಹಾಸುಗಳ ನಡುವೆ ಸಿಕ್ಕಿಕೊಂಡ ಕೆಸರಿನ ಪದರಗಳಲ್ಲಿ, ಡೈನೊಸಾರ್‌ಗಳ ಕೊನೆಗಾಲದ, ಸುಮಾರು 6.6 ಕೋಟಿ ವರ್ಷ ಹಳೆಯ ಸಿಹಿನೀರಿನ ಆಸ್ಟ್ರಕಾಡ್‌ಗಳು ಸಿಕ್ಕಿವೆ. ಎರಡು ಲಾವಾ ಉಕ್ಕುಗಳ ನಡುವಿನ ಬಿಡುವಿನಲ್ಲಿ ಅಲ್ಲಿ ಕೆರೆಗಳಿದ್ದವು ಎನ್ನುವುದಕ್ಕೆ ಇವೂ ಒಂದು ಆಧಾರ.

ಬೇಳೆಯ ಸುಣ್ಣದಲ್ಲಿ ಸೇರಿದ ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಪ್ರಮಾಣದಿಂದ ಆ ಕಾಲದ ನೀರಿನ ಶಾಖ, ಉಪ್ಪು ಲೆಕ್ಕ ಹಾಕುವವರೂ ಇದ್ದಾರೆ. ಅವರು ಹೆಚ್ಚಾಗಿ ಪ್ರೌಢ ಬೇಳೆಗಳನ್ನೇ ಆರಿಸುವುದಕ್ಕೆ ಕಾರಣ ಈಗ ನಿಮಗೆ ಗೊತ್ತು: ಪ್ರತಿ ಚಿಪ್ಪಿನ ಸುಣ್ಣವೂ ಆ ಪೊರೆಯ ಮರುಗಳಿಗೆಯ ನೀರಿನದು, ಹಂತ ಬೆರೆಸಿದರೆ ಬೇರೆ ಬೇರೆ ದಿನಗಳ ನೀರನ್ನು ಒಂದೇ ಲೋಟಕ್ಕೆ ಸುರಿದಂತೆ.

ನಿಮ್ಮೂರ ಕೆರೆಯ ಒಂದು ಚಮಚ ಹೂಳನ್ನು ಟೀ ಜಾಲರಿಯಲ್ಲಿ ತೊಳೆದು, ಕೆಳಗೆ ಇಳಿದುಹೋದದ್ದನ್ನು ಹಳೆಯ ನೈಲಾನ್ ಕಾಲುಚೀಲದಲ್ಲಿ ಮತ್ತೆ ಸೋಸಿ ಒಣಗಿಸಿ. ಕಪ್ಪು ಹಾಳೆಯ ಮೇಲೆ ಉದುರಿಸಿ ಒದ್ದೆ ಕುಂಚದಿಂದ ಬೇಳೆಗಳನ್ನು ಆರಿಸಿ, ನಿಮ್ಮ ಸಾಲಿನ ಪಕ್ಕ ಒಂದೊಂದಾಗಿ ಇಟ್ಟು ನೋಡಿ. ಎ-1ರ ಅಳತೆಗೆ ಹೊಂದುವ ಬೇಳೆ ಸಿಕ್ಕಿದಾಗ ಅವಸರ ಮಾಡದೆ ಅಂಗಾತ ಹಾಕಿ. ಮೂತಿಯ ಕಡೆ ಅಗಲ ಪಟ್ಟಿ ಕಂಡರೆ ಅದು ನಿಮ್ಮ ಜಾತಿಯ ಮರಿಯಲ್ಲ, ಇನ್ಯಾವುದೋ ಸಣ್ಣ ಜಾತಿಯ ಪ್ರೌಢ. ಅದಕ್ಕೆ ಬೇರೆ ಗುಳಿ, ಬೇರೆ ಸಾಲು ಶುರು ಮಾಡಬೇಕು.